ಕಾಲೇಜು ಕಬಡ್ಡಿಯ ತರುಣ ದಾಳಿಗಾರ: ಅವನ ಬೆಳವಣಿಗೆ ಮತ್ತು ಭಾವೀ ಪಾತ್ರ

೧. ವಿಷಯ ಪ್ರವೇಶ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಕಾವೇರಿಯು ಕವಲೊಡೆದು ಶಿವನಸಮುದ್ರದ ಬಂಡೆಗಳಿಂದ ಧುಮುಕುವ ಎಡೆಗೆ ಸಮೀಪವಾಗಿ, ಬ್ಲಫ್ ಎಂಬ ಊರಿದೆ. ಹೆಸರು ಪರದೇಶದ್ದು, ಕಡಿದಾದ ಏರುದಂಡೆ ಎಂಬುದು ಅದರ ಅರ್ಥ. ೧೯೦೨ರಲ್ಲಿ ಇಲ್ಲಿಯ ವಿದ್ಯುದಾಗಾರದಿಂದ ಹೊರಟ ವಿದ್ಯುತ್ತು ನೂರಕ್ಕೂ ಹೆಚ್ಚು ಕಿಲೋಮೀಟರುಗಳ ತಂತಿಯನ್ನು ಹಿಡಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಪ್ರಕೃತ ಲೇಖನದ ವಿಷಯ ಆ ವಿದ್ಯುತ್ತಲ್ಲ. ಅದೇ ನೆಲದ ಕಬ್ಬು ಬತ್ತಗಳ ಬಯಲಿನಲ್ಲಿ, ಸುಗ್ಗಿ ಮುಗಿದ ಗದ್ದೆಗಳಲ್ಲಿ, ಸಂಜೆಯ ವೇಳೆ ಕಬಡ್ಡಿ ಆಡುತ್ತ ಬೆಳೆದು, ಮುಂದೆ ಮಳವಳ್ಳಿಗೋ ಮದ್ದೂರಿಗೋ ಮಂಡ್ಯಕ್ಕೋ ಕಾಲೇಜು ವಿದ್ಯಾಭ್ಯಾಸಕ್ಕಾಗಿ ಬರುವ ತರುಣನೊಬ್ಬನ ವಿಚಾರವನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ.

ಆ ತರುಣನು ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ವಿವೇಚನೆಯ ಸೌಕರ್ಯಕ್ಕಾಗಿ ನಾವು ಕಲ್ಪಿಸಿಕೊಂಡ ಮಾದರಿ. ಆದರೆ ಅಂಥವನನ್ನು ತನ್ನ ತರಗತಿಯಲ್ಲಿ ಕಾಣದ ಅಧ್ಯಾಪಕನು ಈ ಭಾಗದಲ್ಲಿ ವಿರಳ. ವಯಸ್ಸು ಹದಿನೆಂಟು, ಮೈಯಲ್ಲಿ ಚುರುಕು, ಊರ ಹಬ್ಬದ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಎದುರಾಳಿಗಳನ್ನು ಮುಟ್ಟಿ ಬಂದ ಖ್ಯಾತಿ, ಕಾಲೇಜಿಗೆ ಸೇರಿದ ಮೊದಲ ವರ್ಷವೇ ತಂಡದ ಭಾರವೆಲ್ಲ ಅವನ ಹೆಗಲಿಗೆ. ಮೂರು ವರ್ಷಗಳ ತರುವಾಯ ಅವನು ಏನಾಗಿರುತ್ತಾನೆ? ಪಳಗಿದ ಆಟಗಾರನಾಗಿರುವನೇ, ಅಥವಾ ಮೊಣಕಾಲು ಕೆಡಿಸಿಕೊಂಡು, ಪದವಿಯನ್ನೂ ಪೂರೈಸದೆ ಊರಿಗೆ ಮರಳಿರುವನೇ? ಈ ಪ್ರಶ್ನೆಗೆ ಉತ್ತರವು ಅವನ ಅದೃಷ್ಟದಲ್ಲಿರುವುದಕ್ಕಿಂತ ಹೆಚ್ಚಾಗಿ ಕಾಲೇಜು ಅವನನ್ನು ನಡೆಸಿಕೊಳ್ಳುವ ಕ್ರಮದಲ್ಲಿದೆ ಎಂಬುದು ನಮ್ಮ ಪ್ರತಿಪಾದನೆ.

ಈ ಪ್ರಶ್ನೆ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ರನ್ನಿಂಗ್ ಬ್ಯಾಕ್ ಎಂಬೊಬ್ಬ ಆಟಗಾರನಿರುತ್ತಾನೆ. ಚೆಂಡನ್ನು ಅಪ್ಪಿಕೊಂಡು ಎದುರಾಳಿಗಳ ನಡುವೆ ನುಗ್ಗುವುದು ಅವನ ಕೆಲಸ. ಆಟದಲ್ಲಿ ಅತಿ ಹೆಚ್ಚು ಹೊಡೆತ ತಿನ್ನುವವರಲ್ಲಿ ಅವನೂ ಒಬ್ಬ. ಅವನ ವೃತ್ತಿಜೀವನ ಅಲ್ಪಕಾಲದ್ದೆಂಬುದು ಅಲ್ಲಿ ಪ್ರಸಿದ್ಧವಾದ ಮಾತು. ಅವನಿಗೆ ಸಮಾನನಾದವನನ್ನು ನಮ್ಮಲ್ಲಿ ಹುಡುಕಿದರೆ ದೊರೆಯುವವನು ಕಬಡ್ಡಿಯ ದಾಳಿಗಾರ. ಇವನ ಕೈಯಲ್ಲಿ ಚೆಂಡಿಲ್ಲ, ಬಾಯಲ್ಲಿ ಉಸಿರಿದೆ. ಅದನ್ನು ಕಾಪಾಡಿಕೊಂಡು ಏಳು ಜನರ ನಡುವೆ ಹೋಗಿ ಮರಳಿ ಬರಬೇಕು. ಅವನ ಬೆಳವಣಿಗೆಯನ್ನು ಕುರಿತ ವಿವೇಚನೆಗೆ ಮೊದಲು ಅವನ ಕಾರ್ಯದ ಸ್ವರೂಪವನ್ನು ತಿಳಿಯುವುದು ಅವಶ್ಯ.

೨. ಅಂಕಣ ಮತ್ತು ದಾಳಿಗಾರನ ಕಾರ್ಯ

ಹಿರಿಯ ಪುರುಷರ ಅಂಕಣದ ಉದ್ದ ೧೩ ಮೀಟರು, ಅಗಲ ೧೦ ಮೀಟರು. ಮಧ್ಯರೇಖೆಯು ಅದನ್ನು ಆರೂವರೆ ಮೀಟರಿನ ಎರಡು ಭಾಗಗಳಾಗಿ ಸೀಳುತ್ತದೆ. ಮಧ್ಯರೇಖೆಯಿಂದ ೩.೭೫ ಮೀಟರು ಒಳಗೆ ಬಾಕ್ ರೇಖೆ. ಅಲ್ಲಿಂದ ಇನ್ನೊಂದು ಮೀಟರು ಒಳಗೆ ಬೋನಸ್ ರೇಖೆ. ಎರಡು ಬದಿಗಳಲ್ಲಿಯೂ ಒಂದೊಂದು ಮೀಟರಿನ ಲಾಬಿಗಳುಂಟು. ಮುಟ್ಟಾಟ ಆರಂಭವಾಗುವವರೆಗೆ ಅವು ಆಟದ ನೆಲವಲ್ಲ. ದಾಳಿಯ ಅವಧಿ ೩೦ ಸೆಕೆಂಡು. ಅಷ್ಟರೊಳಗೆ ದಾಳಿಗಾರನು ಕಬಡ್ಡಿ ಎಂಬ ದನಿಯನ್ನು ಕಡಿಯದೆ ಬಾಕ್ ರೇಖೆಯನ್ನು ದಾಟಬೇಕು, ಇಲ್ಲವೇ ಯಾರನ್ನಾದರೂ ಮುಟ್ಟಬೇಕು. ತರುವಾಯ ಮಧ್ಯರೇಖೆಯನ್ನು ಸೇರಬೇಕು. ಎದುರು ಅಂಕಣದಲ್ಲಿ ಆರು ಅಥವಾ ಏಳು ಮಂದಿ ಇರುವಾಗ ಬೋನಸ್ ರೇಖೆಯನ್ನು ಕ್ರಮವಾಗಿ ದಾಟಿದರೆ ಒಂದು ಅಂಕ ಹೆಚ್ಚಾಗಿ ದೊರೆಯುತ್ತದೆ.

ಈ ಅಳತೆಗಳನ್ನು ಗಮನಿಸಿದರೆ ದಾಳಿಗಾರನ ಕಷ್ಟ ಸ್ಪಷ್ಟವಾಗುತ್ತದೆ. ಬೋನಸ್ ರೇಖೆಯನ್ನು ಮುಟ್ಟಿದವನು ಮರಳಬೇಕಾದ ದೂರ ೪.೭೫ ಮೀಟರು. ಬಯಲಿನಲ್ಲಿ ಇದು ಮೂರು ನಾಲ್ಕು ಹೆಜ್ಜೆಗಳ ದೂರ. ಆದರೆ ಅವನ ಬೆನ್ನ ಹಿಂದೆ ಎರಡು ಮೂಲೆಗಳಲ್ಲಿ ಕಾರ್ನರ್ ಆಟಗಾರರು ಕಾಲಿಗಾಗಿ ಕಾಯುತ್ತಿರುತ್ತಾರೆ. ಮುಂದೆ ಕವರ್ ಆಟಗಾರರು ಸರಪಳಿಯನ್ನು ಕಟ್ಟಿ ದಾರಿಯನ್ನು ಮುಚ್ಚುತ್ತಾರೆ. ಆಗ ಆ ಮೂರು ಹೆಜ್ಜೆಗಳೇ ಆಟದ ಸರ್ವಸ್ವವಾಗುತ್ತವೆ. ಒಳಗೆ ಹೋಗುವುದು ಧೈರ್ಯವುಳ್ಳ ಯಾರಿಗಾದರೂ ಸಾಧ್ಯ. ಹೊರಗೆ ಬರುವ ವಿದ್ಯೆಯಿಂದಲೇ ದಾಳಿಗಾರನು ದಾಳಿಗಾರನೆನಿಸಿಕೊಳ್ಳುವುದು.

ಇನ್ನೊಂದು ನಿಯಮವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಹಿಡಿತಕ್ಕೆ ಸಿಕ್ಕಿದ ದಾಳಿಗಾರನು ಹೊರಗೆ ಕುಳಿತುಕೊಳ್ಳಬೇಕು; ಅವನ ತಂಡದವರು ಎದುರಾಳಿಗಳಲ್ಲಿ ಒಬ್ಬನನ್ನು ಔಟ್ ಮಾಡಿದಾಗ ಮಾತ್ರ ಅವನಿಗೆ ಮರುಜೀವ. ಬೋನಸ್ ಅಂಕದಿಂದ ಯಾರೂ ಮರಳಿ ಬರುವಂತಿಲ್ಲ. ಆದುದರಿಂದ ತಂಡವೊಂದು ಒಬ್ಬನೇ ದಾಳಿಗಾರನನ್ನು ನೆಚ್ಚಿಕೊಂಡಿದ್ದರೆ, ಅವನು ಸಿಕ್ಕಿಬಿದ್ದೊಡನೆ ಅದು ಒಂದು ಅಂಕವನ್ನು ಮಾತ್ರವಲ್ಲ, ಮುಂದಿನ ಹಲವು ದಾಳಿಗಳನ್ನೂ ಕಳೆದುಕೊಳ್ಳುತ್ತದೆ. ಅವನನ್ನು ಬಿಡಿಸಿಕೊಳ್ಳುವ ಶಕ್ತಿ ಹೊರಗೆ ಕುಳಿತ ಅವನಲ್ಲಿಯೇ ಉಳಿದುಬಿಡುತ್ತದೆ. ನಮ್ಮ ಅನೇಕ ಕಾಲೇಜು ತಂಡಗಳು ಚೆನ್ನಾಗಿ ಆರಂಭಿಸಿ ಹಠಾತ್ತನೆ ಕುಸಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಒಬ್ಬ ತರುಣನ ಮೇಲೆ ಎಲ್ಲ ಭಾರವನ್ನೂ ಹೊರಿಸುವುದು ಅವನಿಗೆ ಮಾತ್ರವಲ್ಲ, ತಂಡಕ್ಕೂ ಹಾನಿಕರ.

೩. ದೇಹಶಕ್ತಿಯ ಲೆಕ್ಕ

ಹಿರಿಯ ಪುರುಷರ ಪಂದ್ಯ ೪೦ ನಿಮಿಷಗಳದ್ದು. ೨೦ ನಿಮಿಷಗಳ ಎರಡು ಅರ್ಧಗಳು, ನಡುವೆ ವಿರಾಮ. ೪೦ ನಿಮಿಷವೆಂದರೆ ೨,೪೦೦ ಸೆಕೆಂಡು. ಪ್ರತಿಯೊಂದು ದಾಳಿಯೂ ಪೂರ್ಣ ೩೦ ಸೆಕೆಂಡು ನಡೆಯಿತೆಂದು ಭಾವಿಸಿದರೆ ಒಟ್ಟು ೮೦ ದಾಳಿಗಳು. ಒಂದೊಂದು ತಂಡಕ್ಕೆ ೪೦. ಅವುಗಳಲ್ಲಿ ಅರ್ಧವನ್ನು ಒಬ್ಬನೇ ನಡೆಸಿದರೆ ಅವನ ಪಾಲು ೨೦. ತನ್ನ ತಂಡದ ಸರದಿಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಹೋಗುವವನಿಗೆ ಎರಡು ದಾಳಿಗಳ ನಡುವೆ ದೊರೆಯುವ ಬಿಡುವು ಸುಮಾರು ೯೦ ಸೆಕೆಂಡು. ಪ್ರತಿ ಸರದಿಗೂ ಅವನೇ ಹೋಗುವುದಾದರೆ ಬಿಡುವು ಕೇವಲ ೩೦ ಸೆಕೆಂಡು. ಆ ಬಿಡುವೂ ಪೂರ್ಣ ವಿಶ್ರಾಂತಿಯಲ್ಲ. ಆಗ ಎದುರಾಳಿಯ ದಾಳಿ ನಡೆಯುತ್ತಿರುತ್ತದೆ, ಅವನು ಅಂಕಣದಲ್ಲಿ ಎಚ್ಚರದಿಂದ ನಿಂತಿರಬೇಕು.

ಈ ೯೦ ಮತ್ತು ೩೦ರ ಅಂತರವು ಏಕೆ ಮಹತ್ವದ್ದೆಂಬುದನ್ನು ಬ್ಲಫಿನ ವಿದ್ಯುದಾಗಾರದ ದೃಷ್ಟಾಂತದಿಂದಲೇ ವಿವರಿಸಬಹುದು. ಅಲ್ಲಿ ನದಿಯ ನೀರನ್ನು ಕಾಲುವೆಯಲ್ಲಿ ತಂದು ಕೊಳವೆಗಳ ಬಾಯಲ್ಲಿ ಒಂದು ಕೊಳವಾಗಿ ನಿಲ್ಲಿಸುತ್ತಾರೆ. ಕೊಳದಿಂದ ನೀರು ಕಡಿದಾದ ಕೊಳವೆಗಳಲ್ಲಿ ಧುಮುಕಿ ಚಕ್ರವನ್ನು ತಿರುಗಿಸುತ್ತದೆ. ಧುಮುಕುವ ವೇಗ ದೊಡ್ಡದು. ಆದರೆ ಕಾಲುವೆಯು ತುಂಬಿಕೊಡುವುದಕ್ಕಿಂತ ಬೇಗನೆ ಕೊಳವನ್ನು ಬರಿದುಮಾಡಿದರೆ ಚಕ್ರವು ತಡೆಯುತ್ತದೆ. ಮನುಷ್ಯನ ಸ್ನಾಯುವಿನಲ್ಲಿಯೂ ಇಂಥ ಒಂದು ಸಣ್ಣ ಕೊಳವಿದೆ. ಕ್ರಿಯಾಟಿನ್ ಫಾಸ್ಫೇಟ್ ಎಂಬ ದ್ರವ್ಯವು ಸ್ನಾಯುವಿನ ನೇರ ಇಂಧನವಾದ ಎ.ಟಿ.ಪಿ.ಯನ್ನು ಕ್ಷಣಮಾತ್ರದಲ್ಲಿ ಮತ್ತೆ ಉಂಟುಮಾಡುತ್ತದೆ. ಥಟ್ಟನೆ ಹಾರುವುದು, ಹಿಮ್ಮಡಿಯಲ್ಲಿ ಒದೆಯುವುದು, ಹಿಡಿತವನ್ನು ಕೊಡವಿ ನುಗ್ಗುವುದು ಇವೆಲ್ಲ ಈ ಕೊಳದ ಬಲದಿಂದಲೇ. ಅದರ ಸಂಗ್ರಹ ಪೂರ್ಣ ಪ್ರಯತ್ನದ ಸುಮಾರು ೧೦ ಸೆಕೆಂಡುಗಳಿಗೆ ಸಾಕಾಗುವಷ್ಟು. ಬರಿದಾದ ಸಂಗ್ರಹದಲ್ಲಿ ಅರ್ಧದಷ್ಟು ತುಂಬಲು ಸುಮಾರು ಅರ್ಧ ನಿಮಿಷ ಬೇಕು. ಪೂರ್ಣವಾಗಿ ತುಂಬಲು ಮೂರು ನಿಮಿಷ ಅಥವಾ ಅದಕ್ಕಿಂತ ಹೆಚ್ಚು. ಕೊಳ ಬರಿದಾದ ಮೇಲೆ ದೇಹವು ಆಮ್ಲಜನಕದ ನೆರವಿಲ್ಲದೆ ಸಕ್ಕರೆಯನ್ನು ಒಡೆದು ಕೆಲಸ ಸಾಗಿಸುತ್ತದೆ. ಅದರಿಂದ ಬೇಗನೆ ಕಾಲುಗಳು ಭಾರವಾಗುತ್ತವೆ, ಚಲನೆ ತಡವಾಗುತ್ತದೆ.

ಹೀಗೆ ಪ್ರತಿ ಸರದಿಗೂ ಹೋಗುವ ದಾಳಿಗಾರನು ಅರೆತುಂಬಿದ ಕೊಳದೊಡನೆ ಅಂಕಣವನ್ನು ಹೊಗುತ್ತಾನೆ. ಅವನ ಮನಸ್ಸು ಹಿಂದಿನಂತೆಯೇ ಇರುತ್ತದೆ, ಕಣ್ಣೂ ಹಿಂದಿನಂತೆಯೇ ಸಂದನ್ನು ಕಾಣುತ್ತದೆ. ಕಾಲು ಮಾತ್ರ ಒಂದು ಅಂಗುಲ ತಡವಾಗುತ್ತದೆ. ನೋಡುಗರು ‘ಹುಡುಗನಿಗೆ ಧೈರ್ಯ ಕುಂದಿತು’ ಎನ್ನುತ್ತಾರೆ. ವಸ್ತುತಃ ಕುಂದಿದ್ದು ಧೈರ್ಯವಲ್ಲ, ಇಂಧನ.

ಕೊಳವನ್ನು ಬೇಗ ತುಂಬುವ ಕಾಲುವೆ ಯಾವುದು? ಅದು ದೀರ್ಘಶ್ವಾಸದ ಶಕ್ತಿ, ಎಂದರೆ ಹೃದಯ ಶ್ವಾಸಕೋಶಗಳ ಸಾಮರ್ಥ್ಯ. ಕೇವಲ ಚುರುಕಿನ ಓಟಗಳನ್ನೇ ಅಭ್ಯಾಸ ಮಾಡಿಸಿ ನಿಧಾನವಾದ ದೂರದ ಓಟವನ್ನು ನಿರ್ಲಕ್ಷಿಸುವುದು ತಪ್ಪು. ಕಬಡ್ಡಿಯಲ್ಲಿ ದನಿಯನ್ನು ಕಡಿಯದೆ ಉಸಿರು ಬಿಡುತ್ತಿರಬೇಕಾದುದರಿಂದ ಉಸಿರಿನ ಸಂಯಮಕ್ಕೆ ಬೇರೆ ಕ್ರೀಡೆಗಳಿಗಿಂತ ಇಲ್ಲಿ ಹೆಚ್ಚಿನ ಬೆಲೆಯಿದೆ. ಹಿಂದಿನವರು ಈ ಆಟದಲ್ಲಿ ಪ್ರಾಣಾಯಾಮದ ಗುಣವನ್ನು ಕಂಡದ್ದು ನಿರಾಧಾರವಲ್ಲ.

೪. ಬೆಳವಣಿಗೆಯ ಮೂರು ಘಟ್ಟಗಳು

ಕಾಲೇಜಿನ ವರ್ಷಗಳನ್ನು ನಾವು ಮೂರು ಘಟ್ಟಗಳಾಗಿ ವಿಂಗಡಿಸಿಕೊಳ್ಳಬಹುದು.

ಮೊದಲನೆಯದು ಅಡಿಪಾಯದ ಘಟ್ಟ. ಹಳ್ಳಿಯಿಂದ ಬಂದ ತರುಣನು ಬಲಹೀನನಲ್ಲ. ಕಬ್ಬಿನ ಹೊರೆಯನ್ನು ಹೊತ್ತವನು, ಗದ್ದೆಯ ಬದುವಿನ ಮೇಲೆ ಓಡಿದವನು ಅವನು. ಸಮತೋಲವೂ ಹಿಡಿತವೂ ಅವನಿಗೆ ಹುಟ್ಟಿನಿಂದ ಬಂದಂತಿರುತ್ತವೆ. ಆದರೆ ಅವನ ಬಲವು ಸಮವಾಗಿ ಹಂಚಿಕೊಂಡಿರುವುದಿಲ್ಲ. ಒಂದು ಕಾಲು ಇನ್ನೊಂದಕ್ಕಿಂತ ಬಲವಾಗಿರಬಹುದು, ತೊಡೆಯ ಮುಂಭಾಗಕ್ಕಿಂತ ಹಿಂಭಾಗ ದುರ್ಬಲವಾಗಿರಬಹುದು. ಅಲ್ಲದೆ ಅವನು ಇದುವರೆಗೆ ಆಡಿದ್ದು ಮಣ್ಣಿನ ಅಂಕಣದಲ್ಲಿ, ಬರಿಗಾಲಿನಲ್ಲಿ. ವಿಶ್ವವಿದ್ಯಾನಿಲಯದ ಮಟ್ಟದ ಪಂದ್ಯಗಳು ಮ್ಯಾಟಿನ ಮೇಲೆ, ಬೂಟು ಧರಿಸಿ ನಡೆಯುತ್ತವೆ. ಮಣ್ಣಿನಲ್ಲಿ ಪಾದ ತುಸು ಜಾರುತ್ತದೆ. ಆ ಜಾರುವಿಕೆಯೇ ಮೊಣಕಾಲಿಗೆ ರಕ್ಷೆ. ಮ್ಯಾಟಿನಲ್ಲಿ ಪಾದ ಕಚ್ಚಿಕೊಂಡು ನಿಲ್ಲುತ್ತದೆ. ಮೈ ತಿರುಗಿದಾಗ ತಿರುಚಿನ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಆದುದರಿಂದ ಮಣ್ಣಿನಿಂದ ಮ್ಯಾಟಿಗೆ ಬರುವುದನ್ನು ಕೆಲವು ವಾರಗಳ ಕ್ರಮವಾದ ಅಭ್ಯಾಸವನ್ನಾಗಿ ಮಾಡಬೇಕೇ ಹೊರತು, ಪಂದ್ಯದ ಹಿಂದಿನ ದಿನದ ಪರಿಚಯವನ್ನಾಗಿ ಅಲ್ಲ. ಹಾರಿ ಇಳಿಯುವುದು, ಓಡುತ್ತ ನಿಲ್ಲುವುದು, ಬಿದ್ದು ಉರುಳುವುದು, ಈ ಮೂರನ್ನು ಕಲಿಸದೆ ಬೇರಾವ ಕೌಶಲವನ್ನೂ ಕಲಿಸಬಾರದು.

ಎರಡನೆಯದು ಕೌಶಲದ ಘಟ್ಟ. ಕೈಮುಟ್ಟು, ಕಾಲ್ಬೆರಳ ಮುಟ್ಟು, ಪಕ್ಕದ ಒದೆ, ಹಿಂದೊದೆ, ಓಡುತ್ತ ಮುಟ್ಟುವುದು, ಸರಪಳಿಯ ಮೇಲೆ ನೆಗೆಯುವುದು, ಅದರ ಕೆಳಗೆ ನುಸುಳುವುದು, ಹೀಗೆ ದಾಳಿಯ ವಿದ್ಯೆಗಳು ಹಲವು. ಸಾಮಾನ್ಯವಾಗಿ ತರುಣನಿಗೆ ಇವುಗಳಲ್ಲಿ ಒಂದು ಸಹಜವಾಗಿ ಬಂದಿರುತ್ತದೆ, ಅವನು ಅದನ್ನೇ ಮತ್ತೆ ಮತ್ತೆ ಆಡುತ್ತಾನೆ. ಹಳ್ಳಿಯ ಪಂದ್ಯಗಳಲ್ಲಿ ಅದು ಸಾಕು. ಆದರೆ ಎದುರಾಳಿಗಳು ಅವನ ಆಟವನ್ನು ಹಿಂದೆಯೇ ನೋಡಿ ಬಂದಿರುವ ಮಟ್ಟದಲ್ಲಿ ಒಂದೇ ವಿದ್ಯೆಯವನು ಎರಡನೆಯ ಅರ್ಧದಲ್ಲಿ ಸಿಕ್ಕಿಬೀಳುತ್ತಾನೆ. ನುಸುಳುವಿಕೆಗೆ ಡುಬ್ಕಿ ಎಂಬ ಹೆಸರು ಈಗ ಮನೆಮಾತಾಗಿದೆ. ಅದನ್ನು ಪ್ರಸಿದ್ಧಿಗೆ ತಂದ ಪ್ರದೀಪ್ ನರ್ವಾಲ್ ಅವರು ೨೦೧೭ರ ಪ್ರೊ ಕಬಡ್ಡಿ ಋತುವಿನಲ್ಲಿ ೩೬೯ ದಾಳಿ ಅಂಕಗಳನ್ನು ಗಳಿಸಿದರು. ಅವರನ್ನು ನೋಡಿ ಡುಬ್ಕಿಯನ್ನು ಅನುಕರಿಸುವ ಹುಡುಗರು ಈಗ ಊರೂರಿಗೂ ಇದ್ದಾರೆ. ಆದರೆ ಸರಪಳಿಯು ಕಟ್ಟಿಕೊಳ್ಳುವ ಮೊದಲಿನ ಕ್ಷಣವನ್ನು ಗುರುತಿಸುವ ಕಣ್ಣಿಲ್ಲದವನಿಗೆ ಡುಬ್ಕಿಯು ತಾನಾಗಿ ಎದುರಾಳಿಯ ತೋಳಿನೊಳಗೆ ತಲೆ ಕೊಟ್ಟಂತೆ.

ಮೂರನೆಯದು ವಿವೇಕದ ಘಟ್ಟ. ಯಾವಾಗ ಅಂಕಕ್ಕೆ ಹೋಗಬೇಕು, ಯಾವಾಗ ಬಾಕ್ ರೇಖೆಯನ್ನು ದಾಟಿ ಬರಿಗೈಯಲ್ಲಿ ಮರಳಬೇಕು, ಎದುರು ಮೂವರೇ ಉಳಿದಿರುವಾಗ ಎಷ್ಟು ಎಚ್ಚರದಿಂದಿರಬೇಕು ಎಂಬ ತಿಳಿವಳಿಕೆ ಈ ಘಟ್ಟದ್ದು. ಮೂವರು ಅಥವಾ ಅದಕ್ಕಿಂತ ಕಡಮೆ ಮಂದಿ ಸೇರಿ ದಾಳಿಗಾರನನ್ನು ಹಿಡಿದರೆ ಅವರಿಗೆ ಒಂದು ಅಂಕ ಹೆಚ್ಚಾಗಿ ಸಲ್ಲುತ್ತದೆ. ಎರಡು ದಾಳಿಗಳು ಬರಿದಾದ ಬಳಿಕ ಮೂರನೆಯದರಲ್ಲಿ ಅಂಕ ತರದಿದ್ದರೆ ದಾಳಿಗಾರನು ಔಟಾಗುತ್ತಾನೆ. ವೃತ್ತಿಪರ ಪಂದ್ಯಗಳಲ್ಲಿ ರೂಢಿಗೆ ಬಂದ ಇಂಥ ನಿಯಮಗಳು ಆಟವನ್ನು ಬಲದ ಪರೀಕ್ಷೆಯಿಂದ ಬುದ್ಧಿಯ ಪರೀಕ್ಷೆಯ ಕಡೆಗೆ ಒಯ್ದಿವೆ. ವಿವೇಕವನ್ನು ಉಪದೇಶದಿಂದ ಕಲಿಸಲಾಗದು. ಪಂದ್ಯ ಮುಗಿದ ಮೇಲೆ ಆಟಗಾರನನ್ನೇ ಕುಳ್ಳಿರಿಸಿ, ಪ್ರತಿಯೊಂದು ದಾಳಿಯನ್ನೂ ಅವನ ಬಾಯಿಂದಲೇ ಹೇಳಿಸಿ, ‘ಅಲ್ಲಿ ಬೇರೇನು ಮಾಡಬಹುದಾಗಿತ್ತು?’ ಎಂದು ಕೇಳುವುದೇ ಉತ್ತಮವಾದ ಪಾಠ.

೫. ಆಹಾರ, ತೂಕ ಮತ್ತು ಗಾಯ

ಕ್ರೀಡಾಭ್ಯಾಸದಲ್ಲಿರುವ ತರುಣನಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ ಸುಮಾರು ೧.೪ ರಿಂದ ೨ ಗ್ರಾಮಿನವರೆಗೆ ಪ್ರೋಟೀನು ಬೇಕೆಂಬುದು ಪೋಷಣಶಾಸ್ತ್ರಜ್ಞರ ಅಭಿಪ್ರಾಯ. ೭೦ ಕಿಲೋ ತೂಗುವವನಿಗೆ ಇದು ೯೮ ರಿಂದ ೧೪೦ ಗ್ರಾಮು. ನೂರು ಗ್ರಾಮು ರಾಗಿಯಲ್ಲಿ ಸುಮಾರು ೭ ಗ್ರಾಮು ಪ್ರೋಟೀನಿದೆ. ಅಷ್ಟೇ ಒಣ ಹುರುಳಿಯಲ್ಲಿ ಸುಮಾರು ೨೨ ಗ್ರಾಮು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು ೬. ಮುದ್ದೆ ಉಪ್ಸಾರುಗಳ ಊಟ ನಮ್ಮ ನಾಡಿನ ದುಡಿಮೆಗಾರನನ್ನು ತಲೆತಲಾಂತರದಿಂದ ಸಾಕಿದೆ. ಅದನ್ನು ಹೀಗಳೆಯುವ ಕಾರಣವಿಲ್ಲ. ಆದರೆ ಸಾರಿನ ತಿಳಿಯನ್ನು ಮಾತ್ರ ಉಂಡು ಬೇಯಿಸಿದ ಕಾಳನ್ನು ಬಿಟ್ಟರೆ ಲೆಕ್ಕ ತುಂಬುವುದಿಲ್ಲ. ಹುರುಳಿ, ಅವರೆ, ಕಡಲೆಕಾಯಿ, ಹಾಲು, ಮೊಟ್ಟೆಗಳನ್ನು ಸೇರಿಸಿದರೆ ದುಬಾರಿ ಡಬ್ಬಿಗಳ ಪುಡಿಯಿಲ್ಲದೆಯೇ ಅದು ತುಂಬುತ್ತದೆ. ವಿದ್ಯಾರ್ಥಿನಿಲಯದ ಅಡುಗೆಮನೆಯೂ ಕ್ರೀಡಾ ತರಬೇತಿಯ ಒಂದು ಅಂಗವೆಂಬುದನ್ನು ನಾವು ಮರೆಯಬಾರದು.

ತೂಕದ ವಿಚಾರದಲ್ಲಿ ಒಂದು ದುರಭ್ಯಾಸವನ್ನು ಖಂಡಿಸಬೇಕಾಗಿದೆ. ಕಬಡ್ಡಿಯಲ್ಲಿ ತೂಕದ ಮಿತಿಯಿದೆ. ಹಿರಿಯ ಪುರುಷರಿಗೆ ೮೫ ಕಿಲೋ, ಹಿರಿಯ ಮಹಿಳೆಯರಿಗೆ ೭೫ ಕಿಲೋ. ಕಿರಿಯರಿಗೆ ಇನ್ನೂ ಕಡಮೆ. ಮಿತಿಗಿಂತ ತುಸು ಹೆಚ್ಚಿರುವವರು ತೂಕ ನೋಡುವ ಮುನ್ನ ಒಂದೆರಡು ದಿನ ನೀರನ್ನು ಬಿಟ್ಟು, ದಪ್ಪ ಬಟ್ಟೆ ಹೊದ್ದು ಓಡಿ ಬೆವರು ಸುರಿಸಿ ಮೈ ಇಳಿಸುವುದುಂಟು. ಹೀಗೆ ಕಳೆದುಹೋಗುವುದು ಕೊಬ್ಬಲ್ಲ, ರಕ್ತದ ನೀರು. ಹೃದಯಕ್ಕೂ ಮೂತ್ರಪಿಂಡಕ್ಕೂ ಇದರಿಂದ ಅಪಾಯ. ಆ ದಿನದ ಆಟಕ್ಕೂ ನಷ್ಟ. ಬೆಳೆಯುತ್ತಿರುವ ದೇಹವನ್ನು ಕಿರಿಯರ ವರ್ಗದಲ್ಲಿಯೇ ಇನ್ನೊಂದು ವರ್ಷ ಆಡಿಸುವ ಆಸೆಯಿಂದ ಕುಗ್ಗಿಸುವುದು ಅನ್ಯಾಯ.

ಗಾಯಗಳಲ್ಲಿ ದಾಳಿಗಾರನಿಗೆ ಅತ್ಯಂತ ಭಯಂಕರವಾದುದು ಮೊಣಕಾಲಿನೊಳಗಿನ ಮುಂದಿನ ಅಡ್ಡ ಅಸ್ಥಿಬಂಧದ ಹರಿತ. ಓಡುವ ಕಾಲನ್ನು ಕಾರ್ನರ್ ಆಟಗಾರನು ಹಿಡಿದಾಗ ಪಾದ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ. ನಡುವೆ ಸಿಕ್ಕ ಕೀಲು ತಿರುಚಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಾದ ಬಳಿಕ ಒಂಬತ್ತು ತಿಂಗಳಿಗೆ ಮೊದಲೇ ಪಂದ್ಯಕ್ಕೆ ಮರಳಿದವರಿಗೆ ಮತ್ತೆ ಗಾಯವಾಗುವ ಸಂಭವ ಬಹಳ ಹೆಚ್ಚೆಂದು ವೈದ್ಯಕೀಯ ಸಂಶೋಧನೆ ತೋರಿಸಿದೆ. ಒಂಬತ್ತು ತಿಂಗಳೆಂದರೆ ಕಾಲೇಜಿನ ಒಂದು ವರ್ಷವೇ ಸರಿ. ಹಣವಂತರ ಮಕ್ಕಳಿಗೆ ಅದು ಕಳೆದುಹೋದ ಒಂದು ವರ್ಷ. ಎರಡೆಕರೆ ಗದ್ದೆಯ ಮನೆಯ ಹುಡುಗನಿಗೆ ಅದು ಸಾಲ. ಒಮ್ಮೊಮ್ಮೆ ಕಳೆದುಹೋದ ಬದುಕೇ. ಚಿಕಿತ್ಸೆಯ ವೆಚ್ಚವನ್ನು ಹೊರುವ ವಿಮೆಯಿಲ್ಲದೆ ವಿದ್ಯಾರ್ಥಿಯನ್ನು ಅಂಕಣಕ್ಕೆ ಇಳಿಸುವುದು ಸಂಸ್ಥೆಗಳಿಗೆ ಶೋಭಿಸುವ ನಡೆಯಲ್ಲ.

೬. ಕಾಯುವಿಕೆಯ ಫಲ: ಒಂದು ನಿದರ್ಶನ

ಬೆಂಗಳೂರು ಬುಲ್ಸ್ ತಂಡದ ಮೂಲಕ ಕನ್ನಡಿಗರಿಗೆ ಪರಿಚಿತರಾದ ಪವನ್ ಸೆಹ್ರಾವತ್ ಅವರ ನಡೆ ಇಲ್ಲಿ ಬೋಧಪ್ರದವಾಗಿದೆ. ೧೯೯೬ರಲ್ಲಿ ಹುಟ್ಟಿದ ಇವರು ೨೦೧೬ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಆ ತಂಡದ ಪರವಾಗಿ ಪ್ರೊ ಕಬಡ್ಡಿಯನ್ನು ಪ್ರವೇಶಿಸಿದರು. ೨೦೧೭ರಲ್ಲಿ ಗುಜರಾತ್ ತಂಡಕ್ಕೆ ಹೋದಾಗ ಅವರಿಗೆ ಹೆಚ್ಚಿನ ಅವಕಾಶ ದೊರೆಯಲಿಲ್ಲ. ಮರುವರ್ಷ ಬೆಂಗಳೂರಿಗೆ ಮರಳಿದವರು ಒಂದೇ ಋತುವಿನಲ್ಲಿ ೨೭೧ ದಾಳಿ ಅಂಕಗಳನ್ನು ತಂದರು. ೨೦೧೯ರ ಜನವರಿ ೫ರಂದು ನಡೆದ ಅಂತಿಮ ಪಂದ್ಯದಲ್ಲಿ, ತಮ್ಮನ್ನು ಹಿಂದೆ ಹೊರಗೆ ಕೂರಿಸಿದ್ದ ಗುಜರಾತ್ ತಂಡದ ಮೇಲೆಯೇ ೨೨ ಅಂಕಗಳನ್ನು ಗಳಿಸಿ, ೩೮-೩೩ರಿಂದ ಬೆಂಗಳೂರಿಗೆ ಮೊದಲ ಪ್ರಶಸ್ತಿಯನ್ನು ದೊರಕಿಸಿದರು. ಅದೇ ವರ್ಷದ ಮುಂದಿನ ಋತುವಿನಲ್ಲಿ ಅವರ ದಾಳಿ ಅಂಕಗಳು ೩೪೬; ಅವುಗಳಲ್ಲಿ ೩೯ ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ ಬಂದವು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ೨೦೨೨ರಲ್ಲಿ ತಮಿಳು ತಲೈವಾಸ್ ತಂಡವು ಇವರನ್ನು ೨.೨೬ ಕೋಟಿ ರೂಪಾಯಿಗಳಿಗೆ ಪಡೆಯಿತು. ಆ ಋತುವಿನ ಮೊದಲನೆಯ ಪಂದ್ಯದಲ್ಲಿಯೇ ಅವರ ಮೊಣಕಾಲಿಗೆ ಗಾಯವಾಗಿ ಋತುವೆಲ್ಲ ಹೊರಗೆ ಉಳಿಯಬೇಕಾಯಿತು. ಗಾಯವಾದದ್ದು ದಾಳಿಯಲ್ಲಲ್ಲ, ಎದುರಾಳಿಯನ್ನು ಹಿಡಿಯುವ ಯತ್ನದಲ್ಲಿ. ತಕ್ಕ ಚಿಕಿತ್ಸೆ, ಪುನಶ್ಚೇತನಗಳ ಬಳಿಕ ೨೦೨೩ರಲ್ಲಿ ಅವರು ಮರಳಿ ಬಂದು, ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಭಾರತ ತಂಡದ ನಾಯಕರಾಗಿ ಸ್ವರ್ಣಪದಕವನ್ನು ಗೆದ್ದರು. ೧೯೯೦ರಿಂದ ೨೦೧೪ರವರೆಗೆ ಸತತ ಏಳು ಬಾರಿ ನಮ್ಮದಾಗಿದ್ದ ಆ ಪದಕ ೨೦೧೮ರಲ್ಲಿ ಕೈತಪ್ಪಿತ್ತು.

ಈ ನಿದರ್ಶನದಿಂದ ಎರಡು ಸಂಗತಿಗಳು ಸಿದ್ಧಿಸುತ್ತವೆ. ಒಂದು, ಇಪ್ಪತ್ತರ ಆಸುಪಾಸಿನಲ್ಲಿ ಮಿಂಚದ ಆಟಗಾರನು ಇಪ್ಪತ್ತೆರಡರಲ್ಲಿ ಮಿಂಚಬಹುದು. ಹೊರಗೆ ಕುಳಿತ ವರ್ಷ ವ್ಯರ್ಥವಾಗಲೇಬೇಕೆಂದಿಲ್ಲ. ಎರಡು, ಗಾಯದ ಬಳಿಕ ಮರಳುವುದು ಆಟಗಾರನ ಮನೋಬಲವೊಂದರಿಂದಲೇ ಆಗುವುದಲ್ಲ. ಅವನ ಬೆನ್ನಿಗೆ ವೈದ್ಯರೂ ಕಾಲಾವಕಾಶವೂ ಹಣವೂ ನಿಂತಿರಬೇಕು. ಕಾಲೇಜಿನ ಹುಡುಗನಿಗೆ ಈ ಮೂರರಲ್ಲಿ ಎಷ್ಟು ಲಭ್ಯವೆಂಬುದನ್ನು ನಾವೇ ಕೇಳಿಕೊಳ್ಳಬೇಕು.

ಅಮೆರಿಕದ ಕಾಲೇಜುಗಳಲ್ಲಿ ರೆಡ್‌ಶರ್ಟ್ ಎಂಬ ಪದ್ಧತಿಯೊಂದು ಬಹುಕಾಲದಿಂದ ರೂಢಿಯಲ್ಲಿದೆ. ಹೊಸದಾಗಿ ಸೇರಿದ ಆಟಗಾರನು ಒಂದು ವರ್ಷ ತಂಡದೊಡನೆ ಅಭ್ಯಾಸ ಮಾಡುತ್ತಾನೆ, ಓದುತ್ತಾನೆ, ಮೈ ಬೆಳೆಸುತ್ತಾನೆ. ಪಂದ್ಯಗಳಲ್ಲಿ ಬಹುಮಟ್ಟಿಗೆ ಆಡುವುದಿಲ್ಲ. ಆಡುವ ಹಕ್ಕಿನ ವರ್ಷಗಳು ಅದರಿಂದ ಕಡಮೆಯಾಗುವುದಿಲ್ಲ. ೨೦೧೮ರಿಂದ ಫುಟ್‌ಬಾಲಿನಲ್ಲಿ ಅಂಥವನು ನಾಲ್ಕು ಪಂದ್ಯಗಳವರೆಗೆ ಆಡಲೂ ಅನುಮತಿ ದೊರೆಯಿತು. ನಮ್ಮಲ್ಲಿ ಅದೇ ನಿಯಮವನ್ನು ತರಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಪದವಿಯ ಅವಧಿ ಬೇರೆ, ವ್ಯವಸ್ಥೆ ಬೇರೆ. ಆದರೆ ಅದರ ತಿರುಳು ಗ್ರಾಹ್ಯವಾದುದು. ಮೊದಲ ವರ್ಷದವನನ್ನು ಪ್ರಧಾನ ದಾಳಿಗಾರನನ್ನಾಗಿಸದೆ, ಪಂದ್ಯಕ್ಕೆ ಏಳೆಂಟು ದಾಳಿಗಳಿಗೆ ಮಿತಗೊಳಿಸಿ, ಉಳಿದ ಸಮಯದಲ್ಲಿ ಹಿಡಿತವನ್ನು ಕಲಿಸುವುದು ಯಾವ ನಿಯಮವನ್ನೂ ಬದಲಿಸದೆ ಪ್ರತಿಯೊಂದು ಕಾಲೇಜೂ ಕೈಗೊಳ್ಳಬಹುದಾದ ಕ್ರಮ.

೭. ಭಾವೀ ಪಾತ್ರ

ತರುಣ ದಾಳಿಗಾರನ ಮುಂದೆ ಆಟದೊಳಗೇ ಹಲವು ಪಾತ್ರಗಳಿವೆ. ಪ್ರಧಾನ ದಾಳಿಗಾರನಾಗುವುದು ಅವುಗಳಲ್ಲೊಂದು ಮಾತ್ರ. ಎರಡನೆಯ ದಾಳಿಗಾರನು ಪ್ರಧಾನನು ಹೊರಗಿರುವಾಗ ಅವನನ್ನು ಬದುಕಿಸಿ ತರುತ್ತಾನೆ. ಮೂರನೆಯವನು ಅಂಕ ತರಲೇಬೇಕಾದ ಇಕ್ಕಟ್ಟಿನ ದಾಳಿಗಳನ್ನು ಹೊರುತ್ತಾನೆ. ದಾಳಿ ಹಿಡಿತಗಳೆರಡನ್ನೂ ಬಲ್ಲವನು ಸರ್ವಾಂಗೀಣ ಆಟಗಾರನಾಗುತ್ತಾನೆ. ವಯಸ್ಸಾಗಿ ವೇಗ ತುಸು ಇಳಿದರೂ ಇವನಿಗೆ ತಂಡದಲ್ಲಿ ಸ್ಥಾನವಿರುತ್ತದೆ. ಎದುರಾಳಿ ದಾಳಿಗಾರನ ಮನಸ್ಸನ್ನು ಬಲ್ಲ ಹಿಡಿತಗಾರನಿಗಿಂತ ಅಪಾಯಕಾರಿ ಬೇರೊಬ್ಬನಿಲ್ಲ. ದಾಳಿಗಾರನಾಗಿ ಬೆಳೆದವನಿಗೆ ಆ ಅರಿವು ತಾನಾಗಿ ಬಂದಿರುತ್ತದೆ.

ಆಟದ ಹೊರಗಿನ ಪಾತ್ರ ಇನ್ನೂ ಮಹತ್ವದ್ದು. ವಿಶ್ವವಿದ್ಯಾನಿಲಯದ ತಂಡಗಳಿಂದ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿ, ೨೦೨೦ರಲ್ಲಿ ಆರಂಭವಾಗಿ ೨೦೨೨ರಲ್ಲಿ ಬೆಂಗಳೂರಿನಲ್ಲಿಯೂ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡೆಗಳು, ಅಲ್ಲಿಂದ ರಾಜ್ಯ ತಂಡ, ರೈಲ್ವೆ, ಸೇನೆ, ಪೊಲೀಸು, ಬ್ಯಾಂಕುಗಳ ತಂಡಗಳು, ೨೦೧೪ರಲ್ಲಿ ಆರಂಭವಾದ ಪ್ರೊ ಕಬಡ್ಡಿ, ಇದು ಏರುವ ಮೆಟ್ಟಿಲುಗಳ ಸಾಲು. ಮೇಲಿನ ಮೆಟ್ಟಿಲು ಎತ್ತರವಾದಷ್ಟೂ ಕಿರಿದು. ಪ್ರತಿಯೊಂದು ಕಾಲೇಜು ತಂಡದಲ್ಲಿಯೂ ಹನ್ನೆರಡು ಮಂದಿ ಇರುತ್ತಾರೆ. ವೃತ್ತಿಪರ ಲೀಗಿನ ತಂಡಗಳು ಇಡೀ ದೇಶಕ್ಕೆ ಹನ್ನೆರಡು. ಹರಾಜಿನ ಕೋಟಿಗಳ ಮಾತನ್ನು ತರುಣನಿಗೆ ಹೇಳುವ ತರಬೇತುದಾರನು ಈ ಗಣಿತವನ್ನೂ ಹೇಳಬೇಕಾದುದು ಧರ್ಮ.

ಬೋಧಕನಾಗುವ ದಾರಿಯೂ ಉಂಟು. ಕರ್ನಾಟಕದ ಪರವಾಗಿ ಆಡಿ ೨೦೦೧ರ ಅರ್ಜುನ ಪ್ರಶಸ್ತಿಯನ್ನು ಪಡೆದ ಬಿ. ಸಿ. ರಮೇಶ್ ಅವರು ತರುವಾಯ ತರಬೇತುದಾರರಾಗಿ ೨೦೧೯ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೂ ೨೦೨೪ರಲ್ಲಿ ಪುಣೇರಿ ಪಲ್ಟನ್ ತಂಡಕ್ಕೂ ಪ್ರೊ ಕಬಡ್ಡಿ ಪ್ರಶಸ್ತಿಯನ್ನು ತಂದುಕೊಟ್ಟರು. ಅಂಕಣದಲ್ಲಿ ಕಲಿತದ್ದು ಅಂಕಣದಿಂದ ಹೊರಬಂದ ಮೇಲೂ ಎರಡು ದಶಕ ಫಲ ನೀಡಬಲ್ಲದೆಂಬುದಕ್ಕೆ ಇದು ಸಾಕ್ಷಿ. ಹೆಣ್ಣುಮಕ್ಕಳಿಗೂ ಈ ದಾರಿಗಳು ತೆರೆದಿವೆ. ೨೦೧೦ರಲ್ಲಿ ಮಹಿಳೆಯರ ಕಬಡ್ಡಿಯು ಏಷ್ಯನ್ ಕ್ರೀಡೆಗಳನ್ನು ಸೇರಿತು. ನಮ್ಮ ರಾಜ್ಯದ ತೇಜಸ್ವಿನಿ ಬಾಯಿ ೨೦೧೧ರಲ್ಲಿಯೂ ಮಮತಾ ಪೂಜಾರಿ ೨೦೧೪ರಲ್ಲಿಯೂ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಈ ಲೇಖನದಲ್ಲಿ ‘ತರುಣ’ನಿಗೆ ಹೇಳಿದುದೆಲ್ಲ, ಅಂಕಣದ ಅಳತೆ, ಕಾಲಾವಧಿ ಮೊದಲಾದ ವ್ಯತ್ಯಾಸಗಳನ್ನು ಬಿಟ್ಟರೆ, ತರುಣಿಗೂ ಅನ್ವಯಿಸುತ್ತದೆ.

ಆದರೆ ತರಬೇತುದಾರನಾಗಲಿ, ದೈಹಿಕ ಶಿಕ್ಷಣದ ಅಧ್ಯಾಪಕನಾಗಲಿ, ಕ್ರೀಡಾ ಮೀಸಲಾತಿಯಲ್ಲಿ ನೌಕರಿ ಬಯಸುವವನಾಗಲಿ ಆಗಬೇಕಾದರೆ ವಿದ್ಯಾರ್ಹತೆ ಬೇಕು. ಅಧ್ಯಾಪಕನಿಗೆ ಪದವಿಯೂ ಅದರ ಮೇಲಿನ ತರಬೇತಿಯೂ ಅವಶ್ಯ. ಇಲ್ಲಿಯೇ ಕಾಲೇಜಿನ ಹೊಣೆ ಪೂರ್ಣವಾಗಿ ಗೋಚರಿಸುವುದು. ಪಂದ್ಯಾವಳ

ಿಗಳಿಗಾಗಿ ತರಗತಿಗಳನ್ನು ತಪ್ಪಿಸಿಕೊಂಡವನಿಗೆ ಹಾಜರಾತಿಯ ವಿನಾಯಿತಿಯನ್ನು ಕೊಟ್ಟು ಕೈತೊಳೆದುಕೊಳ್ಳುವುದು ಉಪಕಾರವಲ್ಲ. ತಪ್ಪಿಹೋದ ಪಾಠವನ್ನು ಅವನಿಗೆ ಮತ್ತೆ ಹೇಳಿಕೊಡುವುದು ಉಪಕಾರ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಸೂಚನೆಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮೊದಲ ವರ್ಷದ ದಾಳಿಗಾರನ ದಾಳಿಗಳಿಗೆ ಮಿತಿಯಿರಲಿ. ತಂಡದಲ್ಲಿ ಕನಿಷ್ಠ ಮೂವರು ದಾಳಿಗಾರರನ್ನು ಬೆಳೆಸಲಿ. ಮಣ್ಣಿನಿಂದ ಮ್ಯಾಟಿಗೆ ಬರುವ ಅಭ್ಯಾಸ ಕ್ರಮಬದ್ಧವಾಗಿರಲಿ. ನೀರು ಬಿಟ್ಟು ತೂಕ ಇಳಿಸುವುದನ್ನು ನಿಷೇಧಿಸಲಿ. ಪ್ರತಿ ಆಟಗಾರನಿಗೂ ವಿಮೆಯಿರಲಿ. ಪ್ರತಿ ಆಟಗಾರನ ಓದಿಗೂ ಒಬ್ಬ ಅಧ್ಯಾಪಕನು ಹೊಣೆಗಾರನಾಗಿರಲಿ. ಇವುಗಳಲ್ಲಿ ವಿಮೆಯೊಂದನ್ನು ಬಿಟ್ಟರೆ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ, ಬೇಕಾದುದು ತಾಳ್ಮೆ.

ಮೊದಲ ವರ್ಷವೇ ಕಪ್ಪು ಗೆಲ್ಲಬೇಕೆಂಬ ಆತುರವು ಸಹಜ. ಪ್ರಾಂಶುಪಾಲರ ಕೊಠಡಿಯ ಗಾಜಿನ ಕಪಾಟಿನಲ್ಲಿ ಹೊಳೆಯುವ ಕಪ್ಪನ್ನು ಕಾಣುವುದು ಯಾರಿಗೆ ತಾನೆ ಸಂತೋಷವಲ್ಲ? ಆದರೆ ಆ ಕಪ್ಪನ್ನು ತಂದವನು ಹತ್ತು ವರ್ಷಗಳ ಬಳಿಕ ಎಲ್ಲಿದ್ದಾನೆಂದು ಕೇಳಿದಾಗ ಉತ್ತರ ಹೇಳಲು ನಮಗೆ ಸಂಕೋಚವಾಗಬಾರದು. ದಾಳಿಗಾರನ ಜಾಣತನವು ಎದುರು ಅಂಕಣವನ್ನು ಹೊಕ್ಕುದರಲ್ಲಿಲ್ಲ, ಮಧ್ಯರೇಖೆಯನ್ನು ಕ್ಷೇಮವಾಗಿ ಸೇರುವುದರಲ್ಲಿದೆ ಎಂದು ಆರಂಭದಲ್ಲಿ ಹೇಳಿದೆವು. ಅವನನ್ನು ಊರಿಂದ ಕರೆತಂದ ನಮ್ಮ ವಿದ್ಯಾಸಂಸ್ಥೆಗಳಿಗೂ ಅದೇ ಮಾತು ಸಲ್ಲುತ್ತದೆ. ಬ್ಲಫಿನಿಂದ ಬಸ್ಸು ಹತ್ತಿ ಬಂದ ಹುಡುಗನು ಗಟ್ಟಿಯಾದ ಮೈ, ಕೈಯಲ್ಲೊಂದು ಪದವಿ, ಮುಂದಿನ ಬದುಕಿಗೊಂದು ದಾರಿ ಇವುಗಳೊಡನೆ ಮನೆಗೆ ಮರಳಿದರೆ, ನಮ್ಮ ಆಟವನ್ನು ನಾವು ಗೆದ್ದೆವೆಂದು ತಿಳಿಯಬಹುದು.